ಮಾತಿನ ಹರಾಜು

‘ಬೆಲೆಯನ್ನು ನಾವು ಕಟ್ಟುವುದಿಲ್ಲ, ಮಾರುಕಟ್ಟೆ ಕಟ್ಟುತ್ತದೆ’ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಹಳೆಯ ಅನುಮಾನವೊಂದು ಕಾಡುತ್ತದೆ. ಮಳೆ ಬಂದ ಹಾಗೆ, ಬಿಸಿಲು ಬಂದ ಹಾಗೆ ಬೆಲೆಯೂ ತಾನಾಗಿ ಬರುತ್ತದೆ ಎಂದು ಹೇಳುವವರು ಸಾಮಾನ್ಯವಾಗಿ ಆ ಬೆಲೆಯಿಂದ ಲಾಭ ಮಾಡಿಕೊಂಡವರೇ ಆಗಿರುತ್ತಾರೆ. ನಷ್ಟವಾದವನು ಬೆಲೆಯನ್ನು ಮಳೆಗೆ ಹೋಲಿಸಿದ್ದನ್ನು ನಾನು ಕೇಳಿಲ್ಲ. ಅವನು ‘ಇದು ಯಾರೋ ಮಾಡಿದ ಕೆಲಸ’ ಎನ್ನುತ್ತಾನೆ. ಹೆಚ್ಚಿನ ಸಲ ಅವನ ತಿಳುವಳಿಕೆಯೇ ಸರಿ.

ನಾನು ಇಲ್ಲಿ ಈರುಳ್ಳಿಯ ಬಗೆಗೋ ಕೊಬ್ಬರಿಯ ಬಗೆಗೋ ಹೇಳುತ್ತಿಲ್ಲ. ಮಾತಿನ ಬಗ್ಗೆಯೇ ಹೇಳುತ್ತಿದ್ದೇನೆ. ನಾವು ಮೊಬೈಲಿನಲ್ಲಿ ಏನನ್ನಾದರೂ ಹುಡುಕಲು ಒಂದು ಪದ ಬರೆದು ಒತ್ತಿದ ಕೂಡಲೆ, ಉತ್ತರ ಕಣ್ಣಿಗೆ ಕಾಣುವ ಮೊದಲೇ, ಆ ಪದದ ಮೇಲೆ ಒಂದು ಹರಾಜು ನಡೆದುಹೋಗಿರುತ್ತದೆ. ಗೆದ್ದವರ ಜಾಹೀರಾತು ನಮ್ಮ ಉತ್ತರದ ತಲೆಯ ಮೇಲೆ ಬಂದು ಕೂರುತ್ತದೆ. ನಾವು ಅದನ್ನು ಒತ್ತಿದರೆ ಗೆದ್ದವನ ಲೆಕ್ಕದಿಂದ ಹಣ ಕಡಿತವಾಗುತ್ತದೆ. ಹೀಗೆ ಒತ್ತಿ ಒತ್ತಿಯೇ, ಹುಡುಕಾಟ ಮತ್ತು ಅದಕ್ಕೆ ಸೇರಿದ ಬಾಬತ್ತುಗಳಿಂದ ಗೂಗಲ್ ಕಂಪನಿಗೆ 2024ರ ಒಂದೇ ವರ್ಷದಲ್ಲಿ ಬಂದ ವರಮಾನ ಸುಮಾರು 19,800 ಕೋಟಿ ಡಾಲರು. ಅಷ್ಟು ದೊಡ್ಡ ಸಂತೆಯಲ್ಲಿ ಒಂದು ಪದಕ್ಕೆ ಬೆಲೆ ಕಟ್ಟುವವರು ಯಾರು, ಹೇಗೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಮಾರುಕಟ್ಟೆ.’ ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಸತ್ಯ ಎಂಬುದು ನನ್ನ ತಕರಾರು. ಈ ಹರಾಜಿನಲ್ಲಿ ಕೂಗುವವರು ಬೇರೆ ಬೇರೆಯವರಿರಬಹುದು. ತಕ್ಕಡಿ, ಲೆಕ್ಕದ ಪುಸ್ತಕ, ಸುತ್ತಿಗೆ ಮೂರೂ ಒಬ್ಬನ ಕೈಯಲ್ಲೇ ಇವೆ.

ಇದರ ಕತೆ ಅಷ್ಟೇನೂ ಹಳೆಯದಲ್ಲ. 1998ರಲ್ಲಿ ಅಮೆರಿಕದ ಬಿಲ್ ಗ್ರಾಸ್ ಎಂಬ ಉದ್ಯಮಿ ‘ಗೋಟು ಡಾಟ್ ಕಾಮ್’ ಎಂಬ ಹುಡುಕುತಾಣ ತೆರೆದ. ಯಾರು ಹೆಚ್ಚು ಕೂಗುತ್ತಾರೋ ಅವರ ಹೆಸರು ಮೊದಲು. ಎಷ್ಟು ಕೂಗಿದ್ದಾರೆಂಬುದು ಹುಡುಕುವವನಿಗೂ ಪಕ್ಕದಲ್ಲೇ ಕಾಣುತ್ತಿತ್ತು. ಇದು ವ್ಯಾಪಾರವೇ ಹೌದು, ಆದರೆ ಬಾಗಿಲು ತೆರೆದ ವ್ಯಾಪಾರ. ಅದೇ 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸೆರ್ಗಿ ಬ್ರಿನ್ ಮತ್ತು ಲ್ಯಾರಿ ಪೇಜ್, ಒಂದು ಪ್ರಬಂಧ ಬರೆದರು. ಜಾಹೀರಾತಿನ ಹಣದಿಂದ ನಡೆಯುವ ಹುಡುಕುಯಂತ್ರ ಹುಡುಕುವವನ ಕಡೆಗಲ್ಲದೆ ಜಾಹೀರಾತುದಾರನ ಕಡೆಗೇ ವಾಲುತ್ತದೆ ಎಂದು ಅದರಲ್ಲಿ ಅವರೇ ಎಚ್ಚರಿಸಿದ್ದರು. ಎರಡೇ ವರ್ಷದಲ್ಲಿ, 2000ದ ಅಕ್ಟೋಬರಿನಲ್ಲಿ, ಅವರ ಗೂಗಲ್ ಕಂಪನಿ 350 ಜಾಹೀರಾತುದಾರರೊಂದಿಗೆ ‘ಆಡ್‌ವರ್ಡ್ಸ್’ ಆರಂಭಿಸಿತು. 2002ರಲ್ಲಿ ಕ್ಲಿಕ್ಕಿಗಿಷ್ಟು ಎಂಬ ಹರಾಜಿನ ಪದ್ಧತಿಗೆ ಬಂದಿತು. ‘ಓವರ್ಚರ್’ ಎಂದು ಹೆಸರು ಬದಲಿಸಿಕೊಂಡಿದ್ದ ಗೋಟು ಕಂಪನಿ ಈ ಉಪಾಯ ತನ್ನದೆಂದು ದಾವೆ ಹೂಡಿತು. 2004ರಲ್ಲಿ, ಅಷ್ಟರಲ್ಲಿ ಓವರ್ಚರನ್ನು ಕೊಂಡಿದ್ದ ಯಾಹೂವಿಗೆ 27 ಲಕ್ಷ ಷೇರು ಕೊಟ್ಟು ಗೂಗಲ್ ರಾಜಿ ಮಾಡಿಕೊಂಡಿತು.

ಹರಾಜೆಂದರೆ ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಬಯಲುಸೀಮೆಯ ಊರುಗಳಲ್ಲಿ ಪಂಚಾಯತಿಯವರು ಹುಣಸೆಮರದ ಫಸಲನ್ನು ಹರಾಜು ಹಾಕುತ್ತಾರೆ. ಮರ ಎದುರಿಗಿರುತ್ತದೆ, ಕೂಗುವವರ ಮುಖ ಕಾಣುತ್ತದೆ, ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಎಂದ ಮೇಲೆ ಮುಗಿಯಿತು. ಹೆಚ್ಚು ಕೂಗಿದವನಿಗೆ ಮರ, ಕೂಗಿದಷ್ಟು ಹಣ. ಪದಗಳ ಹರಾಜು ಹೀಗಲ್ಲ. ಇಲ್ಲಿ ಗೆದ್ದವನು ತಾನು ಕೂಗಿದ್ದನ್ನು ಕೊಡಬೇಕಾಗಿಲ್ಲ. ತನ್ನ ಕೆಳಗಿನವನನ್ನು ಸೋಲಿಸಲು ಬೇಕಾದಷ್ಟು ಕೊಟ್ಟರೆ ಸಾಕು. ಈ ವಿಚಾರದ ಬೇರು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಬರೆದ ಲೇಖನದಲ್ಲಿದೆ. ಎರಡನೆಯವನ ಬೆಲೆಯನ್ನೇ ಕೊಡಬೇಕಾದಾಗ ಮನುಷ್ಯ ಕಪಟವಿಲ್ಲದೆ ತನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನು ಕೂಗುತ್ತಾನೆ ಎಂಬುದು ಅವನ ತರ್ಕ. 1996ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಒಂದರ ಕೆಳಗೊಂದು ಹಲವು ಜಾಗಗಳನ್ನು ಮಾರುವ ಈ ಹರಾಜಿಗೆ ವಿಕ್ರಿಯ ತರ್ಕ ಪೂರ್ತಿ ಹೊಂದುವುದಿಲ್ಲ, ಇಲ್ಲಿ ನಿಜ ಕೂಗುವುದೇ ಜಾಣತನವೆಂದು ಹೇಳಲಾಗದು ಎಂದು ಎಡೆಲ್ಮನ್, ಒಸ್ಟ್ರೊವ್‌ಸ್ಕಿ ಮತ್ತು ಶ್ವಾರ್ಜ್ ಎಂಬ ಮೂವರು ವಿದ್ವಾಂಸರು 2007ರಲ್ಲಿ ತೋರಿಸಿಕೊಟ್ಟರು.

ಲೆಕ್ಕದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಓದುಗರು ಬೇಸರಿಸಬಾರದು, ಏಕೆಂದರೆ ಗುಟ್ಟೆಲ್ಲ ಇರುವುದು ಇಲ್ಲಿಯೇ. ‘ಬೋರ್‌ವೆಲ್’ ಎಂಬ ಪದಕ್ಕೆ ಮೂವರು ಸವಾಲು ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಒಂದು ಕ್ಲಿಕ್ಕಿಗೆ ಮೊದಲನೆಯವನು 40 ರೂಪಾಯಿ, ಎರಡನೆಯವನು 60, ಮೂರನೆಯವನು 30 ಕೂಗುತ್ತಾರೆ. ಕಂಪನಿ ಪ್ರತಿಯೊಬ್ಬನಿಗೂ ಒಂದು ಗುಣಾಂಕ ಕೊಡುತ್ತದೆ: ಇವನ ಜಾಹೀರಾತನ್ನು ಎಷ್ಟು ಜನ ಒತ್ತಿಯಾರು, ಹುಡುಕಿದ ಮಾತಿಗೆ ಅದು ಎಷ್ಟು ಹೊಂದುತ್ತದೆ, ಒತ್ತಿದ ಮೇಲೆ ತೆರೆಯುವ ಪುಟ ಹೇಗಿದೆ ಎಂಬುದರ ಮೇಲೆ. ಗುಣಾಂಕಗಳು ಕ್ರಮವಾಗಿ 5, 3, 4 ಎಂದಾಗಲಿ. ಕೂಗನ್ನು ಗುಣಾಂಕದಿಂದ ಗುಣಿಸಿದರೆ 200, 180, 120. ಹೀಗಾಗಿ 40 ಕೂಗಿದವನು ಮೇಲೆ, 60 ಕೂಗಿದವನು ಕೆಳಗೆ. ಮೇಲಿನವನು ಕೊಡಬೇಕಾದ್ದು 180ನ್ನು 5ರಿಂದ ಭಾಗಿಸಿದಷ್ಟು, ಅಂದರೆ 36 ರೂಪಾಯಿ. ಎರಡನೆಯವನು ಕೊಡಬೇಕಾದ್ದು 120ನ್ನು 3ರಿಂದ ಭಾಗಿಸಿದಷ್ಟು, ಅಂದರೆ 40. ಮೇಲೆ ಕೂತವನಿಗೆ ಕಡಿಮೆ, ಕೆಳಗೆ ಕೂತವನಿಗೆ ಹೆಚ್ಚು! ಇದಲ್ಲದೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ಜಾಗವೇ ಇಲ್ಲ ಎಂಬ ಕನಿಷ್ಠ ಮಿತಿಯೊಂದಿದೆ. ಅದನ್ನು ಇಡುವವರೂ ಅವರೇ.

ಗುಣಾಂಕದಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳುವುದಿಲ್ಲ. ಬರೀ ಹಣಕ್ಕೆ ಮಣೆ ಹಾಕಿದ್ದರೆ ‘ಬೋರ್‌ವೆಲ್’ ಎಂದು ಹುಡುಕಿದವನ ಮುಂದೆ ಚಿನ್ನದಂಗಡಿಯೂ ಬಂದು ಕೂರಬಹುದಿತ್ತು. ಆದರೆ ಈಗ ಆ ಎರಡನೆಯವನ ಗುಣಾಂಕವನ್ನು 3ರಿಂದ ಮೂರೂಕಾಲಿಗೆ ಏರಿಸಿ ನೋಡಿ. ಅವನ ಮೊತ್ತ 195 ಆಗುತ್ತದೆ. ಮೇಲಿನವನು 36ರ ಬದಲು 39 ರೂಪಾಯಿ ಕೊಡಬೇಕಾಗುತ್ತದೆ. ಎರಡನೆಯವನಿಗೆ ಕೊಂಚ ಇಳಿಯುವುದು ನಿಜ, ಆದರೆ ಜನ ಹೆಚ್ಚಾಗಿ ಒತ್ತುವುದು ಮೇಲಿನದನ್ನೇ. ಯಾರೂ ಒಂದು ಪೈಸೆ ಹೆಚ್ಚು ಕೂಗಲಿಲ್ಲ, ಕೊಳ್ಳುವವರು ಹೆಚ್ಚಲಿಲ್ಲ, ಬೆಲೆ ಮಾತ್ರ ಏರಿತು. ಇದಕ್ಕೆ ಮಾರುಕಟ್ಟೆ ಎಂದು ಹೇಗೆ ಹೆಸರಿಡುವುದು?

ಇನ್ನು ಕೂಗುವವನ ಕಡೆಯ ಲೆಕ್ಕ. ಅವನು ಎಷ್ಟರವರೆಗೆ ಕೂಗಬಲ್ಲ? ನೂರು ಜನ ಒತ್ತಿದರೆ ಒಬ್ಬ ಗಿರಾಕಿಯಾಗುತ್ತಾನೆ, ಆ ಒಬ್ಬನಿಂದ 10,000 ರೂಪಾಯಿ ಉಳಿಯುತ್ತದೆ ಎಂದಾದರೆ, ಒಂದು ಕ್ಲಿಕ್ಕಿಗೆ 100 ರೂಪಾಯಿವರೆಗೆ ಹೋಗಬಹುದು. ಆದ್ದರಿಂದಲೇ ಒಬ್ಬ ಗಿರಾಕಿಯಿಂದ ಬಹಳ ಕಾಲ ಹಣ ಬರುವ ಕಡೆ ಪದ ದುಬಾರಿ: ವಿಮೆ, ಸಾಲ, ವಕೀಲಿ. 2011ರಲ್ಲಿ ವರ್ಡ್‌ಸ್ಟ್ರೀಮ್ ಎಂಬ ಕಂಪನಿ ಮಾಡಿದ ಪಟ್ಟಿಯಲ್ಲಿ ವಿಮೆಗೆ ಸೇರಿದ ಪದಗಳೇ ಮೊದಲು. ಒಂದು ಕ್ಲಿಕ್ಕಿಗೆ 54.91 ಡಾಲರುವರೆಗೆ. ಆದರೆ ಅಮೆರಿಕದಲ್ಲಿ ಇದನ್ನೂ ಮೀರಿಸಿದ ಪದವೊಂದಿದೆ: ‘ಮೆಸೊಥೆಲಿಯೋಮ.’ ಕಲ್ನಾರಿನ ದೂಳು, ಅಂದರೆ ಆಸ್ಬೆಸ್ಟಾಸ್, ಶ್ವಾಸಕೋಶದ ಪೊರೆಗೆ ತರುವ ಕ್ಯಾನ್ಸರಿನ ಹೆಸರು ಅದು. ವರ್ಷಕ್ಕೆ ಆ ದೇಶದಲ್ಲಿ ಸುಮಾರು 3,000 ಜನರಿಗೆ ಬರುವ ಕಾಯಿಲೆ. ಅದಕ್ಕೆ ಸಂಬಂಧಿಸಿದ ವಕೀಲರ ಪದಗಳು ಒಂದು ಕ್ಲಿಕ್ಕಿಗೆ ನೂರಾರು ಡಾಲರಿಗೆ ಹೋಗಿವೆ.

ಈ ಬೆಲೆ ಎಲ್ಲಿಂದ ಬಂತು? ಕಾಯಿಲೆಯ ತೀವ್ರತೆಯಿಂದ ಬಂದದ್ದಲ್ಲ. 1977ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ವಕೀಲರು ಜಾಹೀರಾತು ಕೊಡಬಹುದೆಂದು ತೀರ್ಪಿತ್ತಿತು. ಕಲ್ನಾರಿನ ಕಂಪನಿಗಳು ದಾವೆಗಳ ಭಾರಕ್ಕೆ ದಿವಾಳಿಯೆದ್ದು, ಪರಿಹಾರಕ್ಕಾಗಿ ಟ್ರಸ್ಟುಗಳನ್ನು ಮಾಡಿಟ್ಟವು. 2011ರ ಸರ್ಕಾರಿ ವರದಿಯೊಂದರ ಪ್ರಕಾರ ಅಂಥ 60 ಟ್ರಸ್ಟುಗಳಲ್ಲಿ ಸುಮಾರು 3,700 ಕೋಟಿ ಡಾಲರು ಇತ್ತು. ಗೆದ್ದರೆ ಪರಿಹಾರದಲ್ಲಿ ಮೂರನೆಯ ಒಂದು ಭಾಗದಷ್ಟು ವಕೀಲನಿಗೆ ಎಂಬುದು ಅಲ್ಲಿಯ ರೂಢಿ. ಈ ಮೂರೂ ಸೇರಿ, ಸಾವಿನ ಸುದ್ದಿ ಕೇಳಿ ಮನೆಗೆ ಬಂದು ನಡುಗುವ ಕೈಯಲ್ಲಿ ಆ ಪದ ಬರೆದವನ ಒಂದು ಬೆರಳೊತ್ತಿಗೆ ಅಷ್ಟು ಬೆಲೆ ಬಂತು.

ಈಗ ನಮ್ಮ ದೇಶಕ್ಕೆ ಬನ್ನಿ. ಕಲ್ನಾರಿನ ಶೀಟುಗಳನ್ನು ನಾವು ನಿಷೇಧಿಸಿಲ್ಲ. ನಮ್ಮ ಎಷ್ಟೋ ದನದ ಕೊಟ್ಟಿಗೆ, ಶಾಲೆ, ಬಡವರ ಮನೆಗಳ ನೆತ್ತಿಯ ಮೇಲೆ ಅವೇ ಇವೆ. ಆದರೆ ಇಲ್ಲಿ ವಕೀಲರು ಆ ಪದಕ್ಕೆ ಸವಾಲು ಹಾಕುವಂತಿಲ್ಲ, ಏಕೆಂದರೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೆಯ ನಿಯಮ ಅವರು ಜಾಹೀರಾತಿನಿಂದ ಕಕ್ಷಿದಾರರನ್ನು ಹಿಡಿಯುವುದನ್ನು ತಡೆಯುತ್ತದೆ. ಅಲ್ಲಿಯಂಥ ಟ್ರಸ್ಟುಗಳೂ ಇಲ್ಲಿಲ್ಲ. 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕಲ್ನಾರಿನ ಕಾಯಿಲೆ ಖಚಿತವಾದ ಕಾರ್ಮಿಕರಿಗೆ ತಲಾ 1 ಲಕ್ಷ ರೂಪಾಯಿ ಎಂದಿತು. ಅದೇ ದೂಳು, ಅದೇ ಪುಪ್ಪಸ, ಅದೇ ಸಾವು. ಒಂದು ಕಡೆ ಪದಕ್ಕೆ ನೂರಾರು ಡಾಲರು, ಇನ್ನೊಂದು ಕಡೆ ಕೂಗುವವರೇ ಇಲ್ಲ. ನಮ್ಮ ಪದಕ್ಕೆ ಬೆಲೆಯಿಲ್ಲವೆಂದು ನಾನು ಕೊರಗುತ್ತಿಲ್ಲ. ನಮ್ಮ ರೋಗಿಗೆ ಪರಿಹಾರವಿಲ್ಲ ಎಂಬುದಕ್ಕೆ ಕೊರಗಬೇಕು. ನಾನು ಹೇಳಬೇಕೆಂದಿರುವುದು ಇಷ್ಟು: ಪದದ ಬೆಲೆಯನ್ನು ಕಾನೂನು, ನಿಯಮ, ಕೋರ್ಟು, ಟ್ರಸ್ಟು ಇವೆಲ್ಲ ಸೇರಿ ಕಟ್ಟುತ್ತವೆ. ಮನುಷ್ಯರು ಕಟ್ಟಿದ್ದಕ್ಕೆ ಮನುಷ್ಯರು ಉತ್ತರ ಹೇಳಬೇಕಾಗುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಹಿಯಾದದ್ದು. ಮಾದಕ ವಸ್ತುವಿನ ಚಟ ಬಿಡಿಸುವ ಕೇಂದ್ರಗಳ ಖರ್ಚನ್ನು ವಿಮಾ ಕಂಪನಿಗಳು ಕೊಡತೊಡಗಿದ ಮೇಲೆ ಅಮೆರಿಕದಲ್ಲಿ ಒಬ್ಬ ರೋಗಿಯೆಂದರೆ ಸಾವಿರಾರು ಡಾಲರಿನ ಬಿಲ್ಲು ಎಂದಾಯಿತು. ಮಗನನ್ನು ಉಳಿಸಿಕೊಳ್ಳಲು ಅರ್ಧರಾತ್ರಿಯಲ್ಲಿ ಹುಡುಕುವ ತಾಯಿ ಬರೆದ ಪದಕ್ಕೆ ದಲಾಲರು ಮುಗಿಬಿದ್ದು ಕೂಗಿದರು. ಚಿಕಿತ್ಸೆಗಿಂತ ರೋಗಿಯನ್ನು ಮಾರುವುದೇ ಕಸುಬಾದವರು ಅವರಲ್ಲಿದ್ದರು. ಗಲಾಟೆ ದೊಡ್ಡದಾದ ಮೇಲೆ 2017ರ ಸೆಪ್ಟೆಂಬರಿನಲ್ಲಿ ಗೂಗಲ್ ಈ ಜಾಹೀರಾತುಗಳನ್ನು ತಡೆಯಿತು. 2018ರಲ್ಲಿ ಹೊರಗಿನ ಸಂಸ್ಥೆಯೊಂದರ ಪ್ರಮಾಣಪತ್ರ ಪಡೆದವರಿಗೆ ಮಾತ್ರ ಮತ್ತೆ ಬಿಟ್ಟಿತು. ತಡೆದದ್ದು ಒಳ್ಳೆಯದಾಯಿತು. ಆದರೆ ತಡೆಯಲು ಸಾಧ್ಯ ಎಂದು ಅವರೇ ತೋರಿಸಿಕೊಟ್ಟ ಮೇಲೆ, ‘ಪದಗಳ ಬೆಲೆ ನಮ್ಮ ಕೈಯಲ್ಲಿಲ್ಲ’ ಎನ್ನುವ ಮಾತಿಗೆ ಏನು ಉಳಿಯಿತು? ಹೆಚ್ಚು ಅಸಹಾಯಕನಾದವನ ಮಾತೇ ಹೆಚ್ಚು ಬೆಲೆಗೆ ಹೋಗುವ ಸಂತೆ ಇದು. ಅದರ ಯಜಮಾನನಿಗೆ ಇದು ಗೊತ್ತಿಲ್ಲದ್ದೇನಲ್ಲ.

ಅಸಹಾಯಕತೆ ಕೊಳ್ಳುವವನ ಕಡೆ ಮಾತ್ರ ಇಲ್ಲ. ಮಲೆನಾಡಿನ ಕಡೆ ಹೋಂಸ್ಟೇ ನಡೆಸುವ ಸ್ನೇಹಿತರೊಬ್ಬರು ನನಗಿದ್ದಾರೆ. ಅವರ ಮನೆಯ ಹೆಸರನ್ನೇ ಹುಡುಕಿದರೂ ಮೊದಲು ಕಾಣುವುದು ಅವರ ಪುಟವಲ್ಲ, ಅದೇ ಹೆಸರಿಗೆ ಸವಾಲು ಹಾಕಿದ ಒಂದು ದೊಡ್ಡ ಬುಕಿಂಗ್ ಕಂಪನಿ. ಅದರ ಮೂಲಕ ಬಂದ ಅತಿಥಿಯ ಮೇಲೆ ಇವರು ಕಮಿಷನ್ ಕೊಡಬೇಕು. ಅದನ್ನು ತಪ್ಪಿಸಲು ಇವರೂ ತಮ್ಮ ಹೆಸರಿನ ಮೇಲೆ ತಾವೇ ಸವಾಲು ಹಾಕುತ್ತಾರೆ. ‘ನೋಡಿ ಮೇಷ್ಟ್ರೇ, ಹೆಸರು ಇಟ್ಟವರು ನಮ್ಮ ತಾತ. ಅದಕ್ಕೆ ಕಂದಾಯ ಕಟ್ಟುತ್ತಿರುವವನು ನಾನು’ ಎಂದು ಒಮ್ಮೆ ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಹೀಗೆ ಕಟ್ಟುವ ಕಂದಾಯದಿಂದ ಎಷ್ಟು ಪ್ರಯೋಜನ ಎಂಬುದಕ್ಕೆ ಒಂದು ಪರೀಕ್ಷೆ ನಡೆದಿದೆ. 2012ರಲ್ಲಿ ‘ಇಬೇ’ ಎಂಬ ದೊಡ್ಡ ಕಂಪನಿ ತನ್ನ ಹೆಸರಿನ ಮೇಲಿನ ಜಾಹೀರಾತನ್ನು ಕೆಲವು ಹುಡುಕುತಾಣಗಳಲ್ಲಿ ನಿಲ್ಲಿಸಿ ನೋಡಿತು. ಜಾಹೀರಾತಿನಿಂದ ಬರುತ್ತಿದ್ದ ಕ್ಲಿಕ್ಕುಗಳಲ್ಲಿ ಶೇಕಡಾ 99.5ರಷ್ಟು ಕೆಳಗಿನ ಸಹಜ ಉತ್ತರದ ಮೂಲಕ ಸುಮ್ಮನೆ ಬಂದವು. ಬ್ಲೇಕ್, ನಾಸ್ಕೊ, ಟಡೆಲಿಸ್ ಎಂಬುವರು 2015ರಲ್ಲಿ ಇದನ್ನು ಪ್ರಕಟಿಸಿದರು. ಇಬೇಯಂಥ ಹೆಸರುವಾಸಿ ಕಂಪನಿ ಹೀಗೆ ಧೈರ್ಯ ಮಾಡಬಹುದು. ಪಕ್ಕದಲ್ಲಿ ಎದುರಾಳಿ ಕಾದು ಕೂತಿರುವಾಗ ನಾಲ್ಕು ಕೋಣೆಯ ಹೋಂಸ್ಟೇಯವರು ಮಾಡಲಾರರು. ನಮ್ಮ ನ್ಯಾಯಾಲಯದ ಮುಂದೆಯೂ ಈ ಪ್ರಶ್ನೆ ಬಂದಿದೆ. ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಹೆಸರಿನ ವ್ಯಾಜ್ಯದಲ್ಲಿ ದೆಹಲಿ ಹೈಕೋರ್ಟು 2023ರ ಆಗಸ್ಟಿನಲ್ಲಿ, ಇನ್ನೊಬ್ಬರ ಟ್ರೇಡ್‌ಮಾರ್ಕನ್ನು ಹೀಗೆ ಮಾರುವುದರಲ್ಲಿ ಗೂಗಲ್ ಬರೀ ದಾರಿಹೋಕನಲ್ಲ, ಸಕ್ರಿಯ ಪಾಲುದಾರ ಎಂದು ಹೇಳಿತು. ಆದರೆ ಗ್ರಾಹಕನಿಗೆ ಗೊಂದಲವಾಗದಿದ್ದರೆ ಅದು ಉಲ್ಲಂಘನೆಯಲ್ಲ ಎಂದೂ ಸೇರಿಸಿತು. ಹಾಗಾಗಿ ಕಂದಾಯ ನಡೆದೇ ಇದೆ.

ಇಷ್ಟು ಹೊತ್ತು ನಾನು ಹೇಳಿದ್ದನ್ನು ಊಹೆಯೆಂದು ಯಾರಾದರೂ ತಳ್ಳಿಹಾಕಬಹುದಿತ್ತು, ಅಮೆರಿಕದ ಸರ್ಕಾರ 2020ರಲ್ಲಿ ಗೂಗಲ್ ಮೇಲೆ ಹೂಡಿದ ಏಕಸ್ವಾಮ್ಯದ ಮೊಕದ್ದಮೆ ಇಲ್ಲದೆ ಹೋಗಿದ್ದರೆ. 2023ರ ಸೆಪ್ಟೆಂಬರಿನಲ್ಲಿ ಕಂಪನಿಯ ಜಾಹೀರಾತು ವಿಭಾಗದ ಹಿರಿಯ ಅಧಿಕಾರಿ ಜೆರಿ ಡಿಷ್ಲರ್ ಸಾಕ್ಷಿ ಹೇಳಿದರು. ಹರಾಜಿನ ಒಳಲೆಕ್ಕವನ್ನು ತಿರುಗಿಸಿ ಬೆಲೆಯನ್ನು ಶೇಕಡಾ 5ರಷ್ಟು, ಕೆಲವು ಹುಡುಕಾಟಗಳಿಗೆ ಶೇಕಡಾ 10ರಷ್ಟೂ ಏರಿಸಿದ್ದುಂಟು ಎಂದೂ, ಇಂಥ ಬದಲಾವಣೆಯನ್ನು ಜಾಹೀರಾತುದಾರರಿಗೆ ಸಾಮಾನ್ಯವಾಗಿ ತಿಳಿಸುವುದಿಲ್ಲ ಎಂದೂ ಅವರೇ ಒಪ್ಪಿಕೊಂಡರು. ಎರಡನೆಯವನ ಗುಣಾಂಕವನ್ನು ಎತ್ತಿ ಮೊದಲನೆಯವನಿಂದ ಹೆಚ್ಚು ವಸೂಲು ಮಾಡುವ, ನಾನು ಮೇಲೆ ಲೆಕ್ಕ ಹಾಕಿ ತೋರಿಸಿದ ಉಪಾಯಕ್ಕೆ ಅಲ್ಲಿ ಹೆಸರೇ ಇತ್ತು: ‘ಸ್ಕ್ವಾಷಿಂಗ್.’ ಮೊದಲನೆಯವನನ್ನೂ ಎರಡನೆಯವನನ್ನೂ ಆಗಾಗ ಅದಲು ಬದಲು ಮಾಡಿ, ಮೇಲೆಯೇ ಉಳಿಯಬೇಕೆಂದರೆ ಇನ್ನೂ ಹೆಚ್ಚು ಕೂಗು ಎನ್ನುವ ಇನ್ನೊಂದು ಉಪಾಯವೂ ಇತ್ತು. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಏಕಸ್ವಾಮ್ಯ ಹೊಂದಿದೆ, ಅದನ್ನು ಕಾಯ್ದುಕೊಳ್ಳಲು ಕಾನೂನು ಮುರಿದಿದೆ, ಸ್ಪರ್ಧೆಯಿದ್ದಿದ್ದರೆ ಸಾಧ್ಯವಾಗದ ಬೆಲೆಯನ್ನು ಹುಡುಕಾಟದ ಅಕ್ಷರ ಜಾಹೀರಾತಿಗೆ ವಸೂಲು ಮಾಡಿದೆ ಎಂದು ತೀರ್ಪು ಬರೆದರು. ಎಲ್ಲರ ಫೋನಿನಲ್ಲಿ ತಾನೇ ಮೊದಲು ತೆರೆಯಲಿ ಎಂದು ಕಂಪನಿ 2021ರಲ್ಲಿ ಇತರರಿಗೆ ಕೊಟ್ಟ ಹಣ 2,630 ಕೋಟಿ ಡಾಲರು. ಈ ತೀರ್ಪನ್ನು ಕಂಪನಿ ಒಪ್ಪಿಲ್ಲ, ಮೇಲ್ಮನವಿಯ ದಾರಿ ಹಿಡಿದಿದೆ. ಅದು ಅದರ ಹಕ್ಕು. ಆದರೆ ಸಾಕ್ಷಿಕಟ್ಟೆಯಲ್ಲಿ ಹೇಳಿದ ಮಾತು ಹೇಳಿಯಾಗಿದೆ.

ಇಲ್ಲಿ ಕೆಲವರು ನನ್ನನ್ನು ಕೇಳಬಹುದು: ‘ಹುಡುಕುವುದು ನಿಮಗೆ ಪುಕ್ಕಟೆ ಅಲ್ಲವೆ? ಜಾಹೀರಾತು ಕೊಡಿ ಎಂದು ಯಾರಾದರೂ ಒತ್ತಾಯ ಮಾಡಿದರೆ? ಹಿಂದೆ ಪತ್ರಿಕೆಯಲ್ಲಿ ಜಾಹೀರಾತು ಕೊಡಲಾರದ ಚಿಕ್ಕ ಅಂಗಡಿಯವನು ಇಂದು ದಿನಕ್ಕೆ ಇನ್ನೂರು ರೂಪಾಯಿಯಲ್ಲಿ ಗಿರಾಕಿ ಹಿಡಿಯುತ್ತಿಲ್ಲವೆ?’ ಕೊನೆಯ ಮಾತು ನಿಜ, ನಾನು ಒಪ್ಪುತ್ತೇನೆ. ಒತ್ತಿದರೆ ಮಾತ್ರ ಹಣ ಎಂಬ ಪದ್ಧತಿ ಚಿಕ್ಕವರಿಗೆ ಬಾಗಿಲು ತೆರೆದದ್ದೂ ನಿಜ. ಆದರೆ ಪುಕ್ಕಟೆ ಎಂಬುದನ್ನು ಮಾತ್ರ ಒಪ್ಪಲಾರೆ. ವಿಮೆಯವನು ಪದಕ್ಕೆ ಕೊಟ್ಟದ್ದು ವಿಮೆಯ ಕಂತಿನಲ್ಲಿ ಸೇರುತ್ತದೆ, ಹೋಂಸ್ಟೇಯವರು ಕೊಟ್ಟದ್ದು ಕೋಣೆಯ ಬಾಡಿಗೆಯಲ್ಲಿ ಸೇರುತ್ತದೆ. ಹುಡುಕುವಾಗ ಕೊಡದ ಹಣವನ್ನು ನಾವು ಕೊಳ್ಳುವಾಗ ಕೊಡುತ್ತೇವೆ, ರಸೀದಿ ಮಾತ್ರ ಸಿಗುವುದಿಲ್ಲ. ಒತ್ತಾಯದ ಮಾತು ಹೇಳುವುದಾದರೆ, ಊರಿಗೆ ಒಂದೇ ಸಂತೆಯಿದ್ದಾಗ ‘ಬೇಡವಾದರೆ ಬರಬೇಡ’ ಎಂಬುದು ಸ್ವಾತಂತ್ರ್ಯದ ಮಾತಲ್ಲ.

ನಮ್ಮಲ್ಲಿ ಒಂದು ಕಾಲಕ್ಕೆ ದಲಾಲರು ಬಟ್ಟೆಯ ಮರೆಯಲ್ಲಿ ಕೈಗೆ ಕೈ ಸೇರಿಸಿ ಬೆರಳಿನಲ್ಲೇ ಬೆಲೆ ಕುದುರಿಸುತ್ತಿದ್ದರು. ಬೆಳೆದವನು ಪಕ್ಕದಲ್ಲಿ ನಿಂತೂ ತನ್ನ ಮಾಲು ಎಷ್ಟಕ್ಕೆ ಹೋಗುತ್ತಿದೆ ಎಂದು ತಿಳಿಯಲಾರದೆ ಹೋಗುತ್ತಿದ್ದ. ಇಂಥದ್ದಕ್ಕೆ ಕಡಿವಾಣ ಹಾಕಲೆಂದೇ ನಿಯಂತ್ರಿತ ಮಾರುಕಟ್ಟೆಗಳ ಕಾನೂನು ಬಂತು. ಕರ್ನಾಟಕದಲ್ಲಿ 1966ರ ಕಾಯಿದೆ. ದಲಾಲನಿಗೆ ಲೈಸೆನ್ಸು ಬೇಕು, ತೂಕ ಪರೀಕ್ಷೆಯಾಗಬೇಕು, ಧಾರಣೆಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು. ನಮ್ಮ ಎಪಿಎಂಸಿಗಳು ದೇವಲೋಕವಲ್ಲ ಎಂದು ನನಗೂ ಗೊತ್ತು. ಆದರೆ ಅಲ್ಲಿ ಮೋಸವಾದರೆ ‘ಇದು ಮೋಸ’ ಎಂದು ಹೇಳಲು ಒಂದು ನಿಯಮವಿದೆ, ಕೇಳಲು ಒಂದು ಕಚೇರಿಯಿದೆ. ಕೊಬ್ಬರಿಯ ಹರಾಜಿಗೆ ಇರುವಷ್ಟು ಕಾಯಿದೆಯೂ ಮಾತಿನ ಹರಾಜಿಗೆ ಬೇಡವೆ?

ದಾರಿ ಇಲ್ಲದೆ ಇಲ್ಲ. 2025ರ ಸೆಪ್ಟೆಂಬರಿನ ಪರಿಹಾರದ ಆದೇಶದಲ್ಲಿ ಅದೇ ನ್ಯಾಯಾಧೀಶರು, ಹರಾಜಿನ ನಿಯಮದಲ್ಲಿ ಮುಖ್ಯ ಬದಲಾವಣೆ ಮಾಡಿದರೆ ಗೂಗಲ್ ಅದನ್ನು ಬಹಿರಂಗವಾಗಿ ಹೇಳಬೇಕೆಂದರು. ತಾನು ಹೇಳಿದ ಪದಕ್ಕೆ ಮಾತ್ರ ಸವಾಲು ಹಾಕುವ ಹಕ್ಕನ್ನು ಜಾಹೀರಾತುದಾರನಿಗೆ ಮರಳಿ ಕೊಡಿಸಲು ಮಾತ್ರ ಒಪ್ಪಲಿಲ್ಲ. ಅಂದರೆ ಅವನು ಒಂದು ಪದಕ್ಕೆ ಕೂಗಿದರೂ ‘ಅರ್ಥ ಒಂದೇ’ ಎಂದು ಕಂಪನಿಗೆ ಕಂಡ ಇನ್ನೊಂದು ಪದಕ್ಕೂ ಹಣ ಕಟ್ಟುತ್ತಾನೆ. ಅರ್ಧ ಬಾಗಿಲು ತೆರೆದಂತಾಯಿತು. ನಮ್ಮ ಸರ್ಕಾರ ಈ ಜಾಹೀರಾತಿನ ಹಣದ ಮೇಲೆ 2016ರಲ್ಲಿ ಶೇಕಡಾ 6ರ ತೆರಿಗೆ ಹಾಕಿತ್ತು. 2025ರ ಏಪ್ರಿಲ್ 1ರಿಂದ ಅದನ್ನೂ ಕೈಬಿಟ್ಟಿತು. ತೆರಿಗೆ ಇರಲಿ ಬಿಡಲಿ, ನನ್ನ ಬೇಡಿಕೆ ಬೇರೆ. ಗುಣಾಂಕವನ್ನೂ ಕನಿಷ್ಠ ಮಿತಿಯನ್ನೂ ಹೇಗೆ ಕಟ್ಟುತ್ತಾರೆಂದು ಹೊರಗಿನವರು ಪರೀಕ್ಷಿಸುವಂತಿರಲಿ. ನೀನು ಇಷ್ಟು ಕೂಗಿದೆ, ಕೆಳಗಿನವನಿಂದಾಗಿ ಇಷ್ಟು ಕೊಟ್ಟೆ, ನಮ್ಮ ಮಿತಿಯಿಂದಾಗಿ ಇಷ್ಟು ಕೊಟ್ಟೆ ಎಂದು ಬಿಡಿಬಿಡಿಯಾಗಿ ಬಿಲ್ಲು ಕೊಡಲಿ. ಒಬ್ಬನ ಹೆಸರನ್ನೇ ಹುಡುಕಿದಾಗ ಆ ಹೆಸರಿನವನು ಹಣ ಕೊಡದೆ ಮೊದಲು ಕಾಣಲಿ. ಸಾವಿನ ಕಾಯಿಲೆ, ಚಟ, ಆತ್ಮಹತ್ಯೆ ಇಂಥ ಮಾತುಗಳನ್ನು ಹರಾಜಿನ ಕಟ್ಟೆಯಿಂದ ಕೆಳಗಿಳಿಸಲಿ.

ಇವುಗಳಲ್ಲಿ ಯಾವುದೂ ಯಂತ್ರಕ್ಕೆ ಕಷ್ಟವಾದದ್ದಲ್ಲ. ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಹರಾಜು ಮಾಡಬಲ್ಲವರು ಅಷ್ಟೇ ಹೊತ್ತಿನಲ್ಲಿ ಲೆಕ್ಕವನ್ನೂ ಒಪ್ಪಿಸಬಲ್ಲರು. ಒಪ್ಪಿಸುವುದಿಲ್ಲ ಎಂದಾದರೆ ಅದನ್ನು ಅವರ ತೀರ್ಮಾನವೆಂದೇ ಕರೆಯೋಣ, ಮಾರುಕಟ್ಟೆಯ ಹೆಸರಿಗೆ ಅಂಟಿಸುವುದು ಬೇಡ. ತಕ್ಕಡಿ ಹಿಡಿದವನು ತೂಕಕ್ಕೆ ತಾನು ಹೊಣೆಯಲ್ಲ ಎಂದರೆ, ಸಂತೆಗೆ ಬಂದ ನಾವು ಮೊದಲು ನೋಡಬೇಕಾದ್ದು ಅವನ ಕೈಯನ್ನು.